ಮೂರು ಚುಕ್ಕಿ ಸಾಹೇಬರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಮಾಟುಂಗಾದ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಗೆ ಕೂತಿದ್ದ ಹಳೆಯ ಸಹೋದ್ಯೋಗಿ ಕೋಸಂಬರಿ ಬಾಯಿಗಿಡುತ್ತ, ನಮ್ಮ ಸಾಹೇಬರು ಹೋದರಂತೆ, ಎಂದ. ಯಾವಾಗ, ಏನಾಗಿತ್ತು, ಕೊನೆಗೆ ಯಾರ ಹತ್ತಿರ ಇದ್ದರು ಎಂದೆಲ್ಲ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಸಾರಿನವನು ಬಂದ, ಮಾತು ಅಲ್ಲಿಗೇ ನಿಂತಿತು. ಹಾಗಾಗಿ ಈ ಬರಹದಲ್ಲಿ ಅವರ ಕೊನೆಯ ದಿನಗಳ ವಿಷಯ ಇಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವನ ಹಾಗೆ ಬರೆದರೆ ಅವರಿಗೆ ಸೇರುತ್ತಿರಲಿಲ್ಲ. ಈ ವಯಸ್ಸಿನಲ್ಲಿ ನನಗೂ ಅಷ್ಟು ಹುರುಪು ಉಳಿದಿಲ್ಲ.

ನಾನು ಅವರ ಕೈಕೆಳಗೆ ಸೇರಿದ್ದು ಐವತ್ತರ ದಶಕದ ಮೊದಲಿಗೆ. ಮುಂಬಯಿಯ ಫೋರ್ಟಿನ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ ನಮ್ಮ ಸರಕಾರಿ ಆಫೀಸು. ಊರೂರಿಂದ ಸರ್ವೆಯ ಫಾರ್ಮುಗಳು ಗಂಟುಗಂಟಾಗಿ ಬರುತ್ತಿದ್ದವು. ಅವುಗಳಲ್ಲಿದ್ದುದನ್ನು ಕೂಡಿಸಿ, ಭಾಗಿಸಿ, ಗೆರೆ ಹೊಡೆದ ದೊಡ್ಡ ಹಾಳೆಯ ಮೇಲೆ ಕೋಷ್ಟಕ ಮಾಡಿ ಮೇಲಕ್ಕೆ ಕಳಿಸುವುದು ನಮ್ಮ ಕೆಲಸ. ನನ್ನ ಹುದ್ದೆಯ ಹೆಸರು ಕಂಪ್ಯೂಟರ್. ಈಗ ಆ ಹೆಸರಿನ ಯಂತ್ರ ಬಂದಿದೆ. ಆಗ ಆ ಹೆಸರಿನ ಮನುಷ್ಯರಿದ್ದರು. ಅಂಗಿಯ ತೋಳು ಮಡಚಿಕೊಂಡು, ಕೈಯಿಂದ ತಿರುವುವ ಲೆಕ್ಕದ ಮಿಷನ್ನನ್ನು ಗರಗರ ತಿರುವುತ್ತ ಸಂಜೆಯ ಹೊತ್ತಿಗೆ ತೋಳು ಸೋತು ಮನೆಗೆ ಹೋಗುತ್ತಿದ್ದೆವು. ನಾನು ಉಡುಪಿಯ ಕಡೆಯವನು. ಚೆಂಬೂರಿನಲ್ಲಿ ಮಾವನ ಹೋಟೆಲಿನ ಅಟ್ಟದ ಮೇಲೆ ಮಲಗಿ, ರಾತ್ರಿ ಕಾಲೇಜಿನಲ್ಲಿ ಓದಿ ಈ ನೌಕರಿ ಹಿಡಿದವನು. ಅವರು ವಿಜಾಪುರದವರು, ನಮ್ಮ ಸೆಕ್ಷನ್ನಿನ ಮುಖ್ಯಸ್ಥರು. ನನ್ನನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ. ಮೊದಲ ದಿನದಿಂದ ಕೊನೆಯವರೆಗೆ ನಾನು ಅವರಿಗೆ ಉಡುಪಿ.

ಬಿಳಿ ಧೋತರ, ಕಂದು ಕೋಟು, ಕರಿ ಟೋಪಿ. ಕೋಟಿನ ಎಡ ಮೊಣಕೈ ಮೇಜಿಗೆ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ನಡೆದರೆ ಸದ್ದಿಲ್ಲ, ಮಾತಾಡಿದರೆ ಏರಿಳಿತವಿಲ್ಲ. ಕುರ್ಚಿಯಿಂದ ಏಳುವಾಗ ಮಾತ್ರ ಎರಡೂ ಅಂಗೈ ಮೇಜಿಗೆ ಊರಿ, ಒಂದು ಗಳಿಗೆ ಹಾಗೆಯೇ ನಿಂತು, ಎದ್ದೇಳುವುದು ಬೇಕೋ ಬೇಡವೋ ಎಂದು ಯೋಚಿಸಿದವರಂತೆ ಆಮೇಲೆ ಏಳುತ್ತಿದ್ದರು. ನಾನು ಅವರನ್ನು ಮೊದಲು ನೋಡಿದಾಗ ನಲವತ್ತೈದೂ ಆಗಿರಲಿಲ್ಲ. ಆಗಲೇ ದಣಿದವರ ಹಾಗೆ ಕಾಣುತ್ತಿದ್ದರು.

ಮೊದಲ ವಾರದಲ್ಲಿ ನನ್ನ ಮೊದಲ ಕೋಷ್ಟಕ ಅವರ ಮೇಜಿಗೆ ಹೋಯಿತು. ಉತ್ತರ ಬರೆಯದ ಜಾಗಗಳಿಗೆಲ್ಲ ನಾನು ಸೊನ್ನೆ ಹಾಕಿದ್ದೆ. ಹಾಳೆ ಚೊಕ್ಕವಾಗಿ ಕಾಣಲಿ ಎಂದು ಸೊನ್ನೆಗಳನ್ನು ದುಂಡಗೆ, ಒಂದೇ ಅಳತೆಗೆ ಬರೆದಿದ್ದೆ. ಅವರು ಬೈಯಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಎಳೆಯ ಹುಡುಗನಿಗೆ ಕಾಗುಣಿತ ಹೇಳಿಕೊಡುವಷ್ಟು ತಾಳ್ಮೆಯಿಂದ ಹೇಳಿದರು. ಎಣಿಸಿ ನೋಡಿ ಏನೂ ಇಲ್ಲವೆಂದಾದರೆ ಸೊನ್ನೆ. ಆ ಪ್ರಶ್ನೆಯೇ ಅಲ್ಲಿ ಸಲ್ಲದಿದ್ದರೆ ಅಡ್ಡಗೆರೆ. ಇದೆಯೋ ಇಲ್ಲವೋ ನಮಗೆ ತಿಳಿಯದಿದ್ದರೆ ಮೂರು ಚುಕ್ಕಿ, ಕೆಳಗೆ ಯಾಕೆ ತಿಳಿಯಲಿಲ್ಲವೆಂದು ಒಂದು ಸಾಲಿನ ಟಿಪ್ಪಣಿ. ಸರಾಸರಿ ತೆಗೆಯುವಾಗ ಉತ್ತರ ಕೊಟ್ಟವರಿಂದಷ್ಟೇ ಭಾಗಿಸಬೇಕು. ಅವರು ಎಷ್ಟು ಮಂದಿ ಎಂಬುದನ್ನು ಕಾಲಮ್ಮಿನ ತಲೆಯ ಮೇಲೆ ಬರೆಯಬೇಕು. ಹತ್ತು ಮನೆಗಳಲ್ಲಿ ಏಳು ಮನೆಯವರು ಮಾತಾಡಿದ್ದಾರೆ, ನೀನು ಹತ್ತರಿಂದ ಭಾಗಿಸಿದರೆ ಮಿಕ್ಕ ಮೂರು ಮನೆಯವರು ಉಪವಾಸ ಇದ್ದಾರೆಂದು ನೀನೇ ಹೇಳಿದ ಹಾಗಾಯಿತು ಎಂದರು. ಸೆಕ್ಷನ್ನಿನ ಮರಾಠಿ ಹುಡುಗರು ಅವರಿಗೆ ತಮ್ಮ ಭಾಷೆಯಲ್ಲಿ ಮೂರು ಚುಕ್ಕಿ ಸಾಹೇಬ್ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಅವರು ಬೇಸರಪಟ್ಟುಕೊಂಡಿರಲಿಲ್ಲ.

ಈ ಚುಕ್ಕಿಗಳೂ ಅವರ ಹತ್ತಿರ ಸುಮ್ಮನೆ ಸಿಗುತ್ತಿರಲಿಲ್ಲ. ಒಂದು ಸಲ ಉಪನಗರಗಳ ಮನೆಗಳಲ್ಲಿ ದಿನಕ್ಕೆ ಎಷ್ಟು ಹಾಲು ಬಳಸುತ್ತಾರೆ ಎಂಬ ಸರ್ವೆ ಬಂದಿತ್ತು. ಗೋರೆಗಾಂವಿನ ಒಂದು ಸಾಲು ಗುಡಿಸಲುಗಳ ಫಾರ್ಮುಗಳಲ್ಲಿ ಹಾಲಿನ ಜಾಗ ಪೂರ್ತಿ ಖಾಲಿ. ಪಾಪ, ಬಡವರು, ಹಾಲೆಲ್ಲಿ ಬರಬೇಕು ಎಂದು ನಾನು ಮತ್ತೆ ಸೊನ್ನೆಗೆ ಕೈ ಹಾಕಿದ್ದೆ. ಅವರು ಮುಂದಿನ ಭಾನುವಾರ ನನ್ನನ್ನು ಕರೆದುಕೊಂಡು ಲೋಕಲ್ ಹತ್ತಿದರು. ಸ್ಟೇಷನ್ನಿನಿಂದ ಬಿಸಿಲಲ್ಲಿ ಮೈಲಿ ದೂರ ನಡೆದು ಹೋದರೆ, ಆ ಸಾಲಿನ ಎಲ್ಲರೂ ಎಮ್ಮೆಯ ತಬೇಲೆಯಲ್ಲಿ ಕೆಲಸ ಮಾಡುವವರು. ಸರ್ವೆಯವನು ಬಂದು ಎಷ್ಟು ಹಾಲು ಕೊಳ್ಳುತ್ತೀರಿ ಎಂದು ಕೇಳಿದನಂತೆ. ನಾವ್ಯಾಕೆ ಹಾಲು ಕೊಳ್ಳೋಣ ಎಂದು ಅವರು ನಕ್ಕರಂತೆ. ಅವನು ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟು ಹೋಗಿದ್ದ. ನಮಗಿಬ್ಬರಿಗೂ ದೊಡ್ಡ ದೊಡ್ಡ ಹಿತ್ತಾಳೆ ಲೋಟಗಳಲ್ಲಿ ಹಾಲು ಬಂತು. ಆ ಸರ್ವೆಯಲ್ಲಿ ಆ ಗುಡಿಸಲಿನವರಷ್ಟು ಹಾಲು ಕುಡಿಯುವವರು ಇನ್ನೊಬ್ಬರಿರಲಿಲ್ಲ. ವಾಪಸು ಬರುವಾಗ ಅವರು ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು.

ನಮ್ಮ ಮೇಲಿನ ಅಧಿಕಾರಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಒಳ್ಳೆಯ ಮನುಷ್ಯನೇ, ಆದರೆ ಕೋಷ್ಟಕ ಎಂದರೆ ಭರ್ತಿಯಾಗಿರಬೇಕು ಎನ್ನುವವನು. ಚುಕ್ಕಿಗಳಿದ್ದರೆ ಹಾಳೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ, ಅಕ್ಕಪಕ್ಕದ ಅಂಕಿಗಳ ಸರಾಸರಿ ತೆಗೆದು ತುಂಬಿಬಿಡಿ ಎಂದು ಒಮ್ಮೆ ನಮ್ಮೆಲ್ಲರ ಎದುರಿಗೇ ಹೇಳಿದ. ಅವರು ಎದ್ದು ನಿಂತು ಮೆಲ್ಲಗೆ ಉತ್ತರ ಕೊಟ್ಟರು. ಆಫೀಸಿನ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ಮಧ್ಯಾಹ್ನ ಊಟದ ಹೊತ್ತಿಗೆ ನನಗೆ ತಮ್ಮ ಮಾತಿನಲ್ಲಿ ಹೇಳಿದರು:

"ಬಿದ್ದ ಹಲ್ಲಿನ ಜಾಗಾದಾಗ ಬಾಜೂಕಿನ ಹಲ್ಲಿನಂಥಾದ್ದು ಕಟ್ಟಿಸಿದ್ರ ನೋಡಾಕ ಚಂದ ಕಾಣ್ತದ. ಕಡ್ಯಾಕ ಹೋದ್ರ ಗೊತ್ತಾಗ್ತದಪಾ."

ಅವರ ಊಟದ ಡಬ್ಬಿಯಲ್ಲಿ ನನಗೂ ಎರಡು ರೊಟ್ಟಿ ಇರುತ್ತಿದ್ದವು. ಹೋಟೆಲಿನ ಇಡ್ಲಿ ತಿಂದು ಬೆಳೆದವನಿಗೆ ಜೋಳದ ರೊಟ್ಟಿ ಮೊದಲು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆಮೇಲೆ ಅದಿಲ್ಲದೆ ಮಧ್ಯಾಹ್ನವಾಗುತ್ತಿರಲಿಲ್ಲ. ಕಳಿಸುತ್ತಿದ್ದವರು ಅವರ ಹೆಂಡತಿ. ನಾನು ಅವರನ್ನು ಅವರ ಕಡೆಯ ಮಾತಿನಲ್ಲಿ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಅಂಧೇರಿಯ ಒಂದು ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದು ಖೋಲಿ, ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ವೈನಿಗೆ ಉಬ್ಬಸ. ರೊಟ್ಟಿ ಬಡಿಯುವಾಗ ನಡುನಡುವೆ ಕೈ ನಿಲ್ಲುತ್ತಿತ್ತು, ಉಸಿರು ಎಳೆದುಕೊಂಡು ಮತ್ತೆ ಬಡಿಯುತ್ತಿದ್ದರು. ಜೂನ್ ಬಂತೆಂದರೆ ಗೋಡೆಗೆ ಬೂಷ್ಟು ಹಿಡಿಯುತ್ತಿತ್ತು, ಒಗೆದ ಬಟ್ಟೆ ನಾಲ್ಕು ದಿನ ಒಣಗುತ್ತಿರಲಿಲ್ಲ, ವೈನಿ ಕೂತೇ ನಿದ್ದೆ ಮಾಡುತ್ತಿದ್ದರು. ಹಾಗಿದ್ದೂ ತಮಾಷೆಯ ಸ್ವಭಾವ. ಇವರಿಗೆ ಅನ್ನ ಸಾಕೇ ಎಂದು ಕೇಳಿದರೆ ಅದಕ್ಕೂ ನೋಡೂಣು ಅಂತಾರೆ ಎಂದು ಗಂಡನನ್ನು ನನ್ನೆದುರು ಹಂಗಿಸುತ್ತಿದ್ದರು. ಅದು ಸುಳ್ಳಲ್ಲ. ಸೀರೆಯ ಅಂಗಡಿಯಲ್ಲಿ ಹಸಿರೋ ಕೆಂಪೋ ಎಂದರೆ ಅವರ ಬಳಿ ಉತ್ತರವಿಲ್ಲ. ಖಾತ್ರಿಯಾಗದೆ ಬಾಯಿ ಬಿಡದ ಗುಣ ಆಫೀಸಿನಲ್ಲಿ ದೊಡ್ಡದು, ಮನೆಯಲ್ಲಿ ಅದರ ಜೊತೆ ಏಗುವುದು ಸುಲಭವಿರಲಾರದು ಎಂದು ನನಗೆ ಆಗಲೇ ಅನಿಸುತ್ತಿತ್ತು.

ಹೀಗಿರುವಾಗ ರಾಜ್ಯಗಳನ್ನು ಭಾಷೆಯ ಪ್ರಕಾರ ವಿಂಗಡಿಸುವ ಕಾಲ ಬಂತು. ಮುಂಬಯಿ ರಾಜ್ಯದಲ್ಲಿದ್ದ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರುವುದೆಂದಾಯಿತು. ಆ ಜಿಲ್ಲೆಗಳಿಂದ ಬಂದ ನಮ್ಮ ಆಫೀಸಿನವರಿಗೆಲ್ಲ ಒಂದೊಂದು ಫಾರ್ಮು ಕೊಟ್ಟರು. ಹೆಸರು, ವಯಸ್ಸು, ಹುದ್ದೆ, ಹುಟ್ಟಿದ ಊರು. ಕೊನೆಯಲ್ಲಿ ಒಂದೇ ಪ್ರಶ್ನೆ: ಮುಂಬಯಿಯಲ್ಲೇ ಉಳಿಯುತ್ತೀರೋ, ಮೈಸೂರು ರಾಜ್ಯಕ್ಕೆ ಹೋಗುತ್ತೀರೋ? ನನ್ನ ಜಿಲ್ಲೆ ಮೊದಲಿಂದಲೂ ಮದರಾಸಿಗೆ ಸೇರಿದ್ದು, ನನಗೆ ಫಾರ್ಮು ಬರಲಿಲ್ಲ. ಅದಕ್ಕೇ ಇರಬೇಕು, ತುಂಬಿದ ಫಾರ್ಮುಗಳನ್ನು ಪಟ್ಟಿ ಮಾಡುವ ಕೆಲಸ ನನಗೆ ಬಂತು. ಪಕ್ಷಪಾತವಿಲ್ಲದ ಮನುಷ್ಯ ಎಂದು ಅಧಿಕಾರಿ ನನ್ನ ಬೆನ್ನು ತಟ್ಟಿದ.

ಕೊನೆಯ ತಾರೀಖಿಗೆ ನಾಲ್ಕು ದಿನ ಇತ್ತು. ಭಾನುವಾರ ಯಾವುದೋ ಕಾಗದಕ್ಕೆಂದು ಅಂಧೇರಿಗೆ ಹೋದೆ. ಅವರು ತರಕಾರಿಗೆ ಹೋಗಿದ್ದರು. ವೈನಿ ಚಹಾ ಕೊಟ್ಟು, ಬಾಗಿಲ ಕಡೆ ಒಮ್ಮೆ ನೋಡಿ, ಗೋಡೆಗೆ ಒರಗಿ ಕೂತರು.

"ತಮ್ಮಾ, ವಿಜಾಪುರದ ಗಾಳಿ ಒಣಾ ಗಾಳಿ. ಹ್ವಾದ ವರ್ಸ ಒಂದು ತಿಂಗಳು ಅಲ್ಲಿದ್ದೆನಲ್ಲಾ, ಒಂದ ದಿನಾ ಉಬ್ಬಸ ಬರಲಿಲ್ಲ. ಎರಡು ಕೊಡಾ ನೀರು ಹೊತ್ಗೊಂಡು ಬಂದೆ ನಾ. ಇಲ್ಲಿ ಇನ್ನೆರಡು ಮಳಿಗಾಲ ನನ್ನ ಕೈಲೆ ಆಗೂದಿಲ್ಲ."

ಅದನ್ನು ಅವರಿಗೇ ಹೇಳಬಾರದೇ ಎಂದೆ.

"ನಾ ಅಂದ್ರ ಹೂಂ ಅಂದುಬಿಡ್ತಾರ. ಅಲ್ಲಿ ನೌಕರಿ ಛಲೋ ಆಗಲಿಲ್ಲ ಅಂದ್ರ ಜೀವಮಾನ ಮನಸಿನ್ಯಾಗ ಇಟ್ಕೊಂಡು ಕೂಡ್ತಾರ, ಬಾಯಿ ಬಿಡೂದಿಲ್ಲ. ಅವರಾಗೇ ಒಂದು ಮಾತು ಕೇಳಲಿ, ಹೇಳ್ತೀನಿ. ನೀ ಹೆಂಗರ ಮಾಡಿ ಅವರು ಕೇಳೂ ಹಂಗ ಮಾಡಪಾ. ನಾ ಹೇಳೀನಿ ಅಂತ ಅನಬ್ಯಾಡ."

ಆಗಲಿ ಎಂದೆ. ಮರುದಿನ ಲೋಕಲಿನಲ್ಲಿ ಅವರ ಪಕ್ಕದಲ್ಲಿ ನಿಂತಿದ್ದಾಗ ನನ್ನ ಶಕ್ತ್ಯನುಸಾರ ಪ್ರಯತ್ನ ಮಾಡಿದೆ. ಫಾರ್ಮು ಕೊಟ್ಟಿರಾ ಎಂದು ಕೇಳಿದೆ. ಇಲ್ಲವೆಂದರು. ಅಲ್ಲಿ ಯಾವ ಹುದ್ದೆ ಕೊಡುತ್ತಾರೋ ಗೊತ್ತಿಲ್ಲ, ಯಾವ ಊರಿಗೆ ಹಾಕುತ್ತಾರೋ ಗೊತ್ತಿಲ್ಲ, ಇಲ್ಲಿ ಉಳಿದರೆ ಕನ್ನಡದವರನ್ನು ಹೇಗೆ ನೋಡುತ್ತಾರೋ ಅದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ ಎಂದರು. ಮನೆಯಲ್ಲಿ ಕೇಳಿ ನೋಡಿದಿರಾ ಎಂದೆ.

"ಆಕಿಗೇನಪಾ, ಎಲ್ಲಿದ್ರೂ ಒಂದ," ಎಂದರು.

ಅದನ್ನು ಹೇಳಲು ಅವರು ಒಂದು ಕ್ಷಣವೂ ತಡೆಯಲಿಲ್ಲ. ನಾನು ಇನ್ನೊಂದು ಮಾತು ಸೇರಿಸಬಹುದಿತ್ತು. ವೈನಿಗೆ ಕೊಟ್ಟ ಮಾತು ಅಡ್ಡ ಬಂತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಆ ವರ್ಷ ನನ್ನ ಇಲಾಖಾ ಪರೀಕ್ಷೆ ಇತ್ತು, ದಿನಾ ಸಂಜೆ ನನ್ನನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದವರು ಅವರು. ಅವರು ಹೊರಟುಹೋದರೆ ನನಗೆ ದಿಕ್ಕಿಲ್ಲ ಎಂಬ ಭಯ ಉಳಿದರ್ಧ. ದಾದರ್ ಬಂತು, ಜನ ನುಗ್ಗಿದರು, ಮಾತು ನಿಂತಿತು.

ತಾರೀಖು ಮುಗಿದ ಮೇಲೆ ಫಾರ್ಮುಗಳು ನನ್ನ ಮೇಜಿಗೆ ಬಂದವು. ನಾಲ್ಕರಲ್ಲಿ ಕೊನೆಯ ಪ್ರಶ್ನೆಗೆ ಉತ್ತರವಿರಲಿಲ್ಲ. ಮೂವರು ರಜೆಯ ಮೇಲೆ ಊರಿಗೆ ಹೋದವರು, ಅವರ ಫಾರ್ಮುಗಳನ್ನು ಆಫೀಸಿನಲ್ಲೇ ಯಾರೋ ಅರ್ಧ ತುಂಬಿದ್ದರು. ನಾಲ್ಕನೆಯದು ಅವರದು. ಹೆಸರು, ವಯಸ್ಸು, ಹುದ್ದೆ, ಹುಟ್ಟಿದ ಊರು ಎಲ್ಲ ಅವರ ಆ ಸಣ್ಣ, ನೆಟ್ಟನೆಯ ಅಕ್ಷರದಲ್ಲಿ. ಕೊನೆಯ ಜಾಗದಲ್ಲಿ ಏನೂ ಇಲ್ಲ. ನಾನು ಅಧಿಕಾರಿಯ ಬಳಿ ಹೋಗಿ ಮೂರನೆಯದೊಂದು ಕಾಲಮ್ ಹಾಕಲೇ ಎಂದು ಕೇಳಿದೆ. ಅವನು ತಲೆ ಎತ್ತದೆ, ಹೆಚ್ಚಿನವರು ಎಲ್ಲಿ ಉಳಿಯುತ್ತೇವೆ ಎಂದಿದ್ದಾರೆ ಎಂದ. ಮುಂಬಯಿ ಎಂದೆ. ಹಾಗಿದ್ದರೆ ಖಾಲಿ ಇದ್ದವರನ್ನೂ ಅಲ್ಲಿಗೇ ಸೇರಿಸು, ಮೇಲಿನವರಿಗೆ ಎರಡೇ ಕಾಲಮ್ ಬೇಕಾಗಿರುವುದು ಎಂದ.

ಆ ನಾಲ್ಕು ಹೆಸರನ್ನು ನಾನು ಮುಂಬಯಿಗೆ ಬರೆದೆ. ಅವರ ಹೆಸರನ್ನೂ ಉಳಿದ ಮೂರರ ಹಾಗೆಯೇ ಬರೆದೆ. ಬೇರೆಯವರು ಹೇಳಿ ಮಾಡಿಸಿದ ಕೆಲಸ, ನನಗೆ ಬೇಕಾದದ್ದೂ ಅದೇ ಆಗಿತ್ತು.

ಪಟ್ಟಿ ಮೇಲೆ ಹೋಗುವ ಮೊದಲು ಸೆಕ್ಷನ್ ಮುಖ್ಯಸ್ಥರ ಸಹಿ ಬೀಳಬೇಕು. ಪಟ್ಟಿಯನ್ನೂ ಕೋಷ್ಟಕವನ್ನೂ ಅವರ ಮುಂದಿಟ್ಟೆ. ಎಂದಿನ ಹಾಗೆ ಪೆನ್ಸಿಲ್ ಹಿಡಿದು ಒಂದೊಂದೇ ಹೆಸರು ಇಳಿಯುತ್ತ ಬಂದರು. ತಮ್ಮ ಹೆಸರಿನ ಹತ್ತಿರ ಪೆನ್ಸಿಲ್ ನಿಂತಿತು. ಯಾರು ತುಂಬಿದರು ಎಂದು ಕೇಳಿದರು. ಅಧಿಕಾರಿ ಹೇಳಿದ್ದನ್ನು ಹೇಳಿದೆ. ಹೆಚ್ಚಿನವರು ಮುಂಬಯಿ ಎಂದಿದ್ದಾರಲ್ಲ ಎಂದು ನನ್ನದೂ ಒಂದು ಮಾತು ಸೇರಿಸಿದೆ. ಹಾಳೆಯನ್ನು ನನ್ನ ಮುಖಕ್ಕೆ ಎಸೆಯುತ್ತಾರೆ ಎಂದುಕೊಂಡೆ. ಇದಕ್ಕಿಂತ ಎಷ್ಟೋ ಸಣ್ಣ ತಪ್ಪಿಗೆ, ಯಾವುದೋ ಹಳ್ಳಿಯ ಕೋಳಿಗಳ ಲೆಕ್ಕಕ್ಕೆ, ಇಡೀ ವಾರದ ಕೆಲಸವನ್ನು ತಿರುಗಿ ಮಾಡಿಸಿದವರು ಅವರು. ಅವರು ಆ ಹೆಸರನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಸಹಿ ಮಾಡಿದರು.

"ಆತು ಬಿಡು. ಯಾರೋ ಒಬ್ರು ತುಂಬಿದ್ರಲ್ಲ," ಎಂದರು.

ಅಂಥದೊಂದು ಹಾಳೆಗೆ ಅವರು ಸಹಿ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೊರೆ ಇಳಿಸಿದ ಹಮಾಲನ ಸುಸ್ತು ಇತ್ತು. ನನಗೆ ಸಂತೋಷವಾಯಿತು. ಸಂಜೆ ಪಾಠ ನಡೆಯಿತು. ಆ ವರ್ಷ ಪರೀಕ್ಷೆ ಪಾಸಾದೆ, ಅವರೇ ಪೇಢೆ ತರಿಸಿ ಸೆಕ್ಷನ್ನಿಗೆಲ್ಲ ಹಂಚಿದರು.

ಒಂದು ಮಳೆಗಾಲ ವೈನಿ ದಾಟಿದರು. ಡಬ್ಬಿಯಲ್ಲಿ ರೊಟ್ಟಿ ಬರುವುದು ನಿಂತು ಚಪಾತಿ ಬರತೊಡಗಿತು, ಅದನ್ನು ಪಕ್ಕದ ಖೋಲಿಯ ಮರಾಠಿ ಹೆಂಗಸು ಮಾಡಿಕೊಡುತ್ತಿದ್ದಳು. ನನ್ನ ಪಾಲಿನ ಎರಡು ಆಗಲೂ ತಪ್ಪಲಿಲ್ಲ. ನಾನು ಹೋದಾಗ ವೈನಿ ಊರಿನ ಮಾತು ಎತ್ತುತ್ತಿರಲಿಲ್ಲ, ಏನು ಮಾಡಿದೆ ಎಂದೂ ಕೇಳುತ್ತಿರಲಿಲ್ಲ. ಚಹಾ ಕೊಟ್ಟು, ಮದುವೆ ಯಾವಾಗ ಎಂದು ಚುಡಾಯಿಸುತ್ತಿದ್ದರು. ಎರಡನೆಯ ಮಳೆಗಾಲದ ಶ್ರಾವಣದಲ್ಲಿ ಆಸ್ಪತ್ರೆಗೆ ಸೇರಿಸಿದರು. ಐದನೆಯ ದಿನ ಹೋಗಿಬಿಟ್ಟರು.

ಹದಿಮೂರನೆಯ ದಿನದ ಊಟ ಮುಗಿಸಿ ಹೊರಟಾಗ, ಬೇಡವೆಂದರೂ ಅವರು ನನ್ನನ್ನು ಕಳಿಸಲು ಅಂಧೇರಿ ಸ್ಟೇಷನ್ನಿನವರೆಗೆ ಬಂದರು. ಮಧ್ಯಾಹ್ನದ ಹೊತ್ತು, ಪ್ಲಾಟ್‌ಫಾರಂ ಅರ್ಧ ಖಾಲಿ ಇತ್ತು. ಬೆಂಚಿನ ಮೇಲೆ ಕೂತೆವು. ಅವರು ಕೇಳಿದರು.

"ಉಡುಪಿ, ಆಕಿ ಎಂದರ ನಿನ್ನ ಮುಂದ ಊರಿನ ಮಾತು ತಗದಿದ್ಲೇನು?"

ಇಲ್ಲ ಎನ್ನಬಹುದಿತ್ತು. ಸತ್ತವರಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು, ಬದುಕಿದ್ದವರಿಗೆ ನೋವೂ ತಪ್ಪುತ್ತಿತ್ತು. ಆದರೆ ಅವರ ಕೈಕೆಳಗೆ ಅಷ್ಟು ವರ್ಷ ಕೂತಿದ್ದೆ, ಸುಳ್ಳು ಬಾಯಿಗೆ ಬರಲಿಲ್ಲ. ಒಣ ಗಾಳಿ, ಎರಡು ಕೊಡ ನೀರು, ಇನ್ನೆರಡು ಮಳೆಗಾಲ ಆಗುವುದಿಲ್ಲ ಎಂದದ್ದು, ಹೇಳಬೇಡ ಎಂದದ್ದು, ಎಲ್ಲವನ್ನೂ ಹೇಳಿದೆ. ಅವರು ನೆಲ ನೋಡುತ್ತ ಕೇಳಿದರು.

"ಫಾರ್ಮ್ ಕೊಡೂಕಿಂತ ಮೊದಲೋ, ಆಮ್ಯಾಲೋ?"

"ಮೊದಲು ಸರ್. ತಾರೀಖಿಗೆ ಇನ್ನೂ ನಾಲ್ಕು ದಿನ ಇತ್ತು."

"ಹಂಗಾದ್ರ ಉತ್ತರ ಇತ್ತು," ಎಂದರು.

ನನ್ನ ಮುಂದೆ ಒಮ್ಮೆ ಅನ್ನಬಹುದಿತ್ತಲ್ಲ ಅವಳು ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ನೀವು ಕೇಳಲಿ ಎಂದು ಕಾದಿದ್ದರು ಸರ್ ಎಂದೆ. ಅದನ್ನು ನಾನು ಯಾಕೆ ಹೇಳಿದೆ ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಅವರು ಹೌದೆನ್ನುವಂತೆ ತಲೆಯಾಡಿಸಿದರು. ನೀನೂ ಹೇಳಲಿಲ್ಲ ಎಂಬ ಮಾತು ಇನ್ನೇನು ಬರುತ್ತದೆ ಎಂದು ನಾನು ಕಾದು ಕೂತಿದ್ದೆ. ಅದು ಬಂದಿದ್ದರೆ ಅಲ್ಲೇ ಅವರ ಕಾಲು ಹಿಡಿದು ಅತ್ತು ಮುಗಿಸಿಬಿಡುತ್ತಿದ್ದೆ. ಲೋಕಲ್ ಬಂತು. ಹತ್ತು, ಮುಂದಿನದಕ್ಕ ಗರ್ದಿ ಇರ್ತದ, ಎಂದರು. ಹತ್ತಿದೆ.

ಆಮೇಲೂ ಆರು ವರ್ಷ ಒಂದೇ ಸೆಕ್ಷನ್ನಿನಲ್ಲಿ ಎದುರುಬದುರು ಕೂತು ಕೆಲಸ ಮಾಡಿದೆವು. ನೀನೂ ಹೇಳಲಿಲ್ಲ ಎಂಬ ಆ ಮಾತನ್ನು ಅವರು ಆಡಲಿಲ್ಲ. ನಾನೂ ಕೇಳಲಿಲ್ಲ.